ದೇವರ ಮೇಲೆ ನಂಬಿಕೆ ಹೋಗಿದೆ, ಮಗನ ಮುಂಜಿ ಮಾಡಿಸ್ಲಾ ಬೇಡ್ವಾ?

ಆನೆಗೊಂದಿ_ಕಡೆಯವ

ಎಲ್ರಿಗೂ ನಮಸ್ಕಾರ. ಮನೇಲಿ ಬಾಯಿಬಿಟ್ಟು ಹೇಳಕ್ಕಾಗ್ದೆ ಇಲ್ಲಿ ಬರೀತಿದೀನಿ, ಉದ್ದ ಇದೆ, ತಾಳ್ಮೆ ಇದ್ರೆ ಓದಿ.

ಮಗನಿಗೆ ಎಂಟು ನಡೀತಿದೆ. ಮುಂದಿನ ಉತ್ತರಾಯಣದಲ್ಲಿ ಮುಂಜಿ ಆಗ್ಲೇಬೇಕು ಅಂತ ಅಪ್ಪ ಪಟ್ಟು ಹಿಡಿದಿದಾರೆ. ಆಗ್ಲೇ ಪುರೋಹಿತರ ಹತ್ರ ಮುಹೂರ್ತ ಬರೆಸ್ಕೊಂಡು ಬಂದು ಫ್ರಿಜ್ ಮೇಲೆ ಅಂಟಿಸಿಯಾಗಿದೆ, ಛತ್ರದವರಿಗೆ ಫೋನ್ ಮಾಡ್ತಿದಾರೆ. ನಂಗೆ ದೇವರಲ್ಲಿ ನಂಬಿಕೆ ಹೋಗಿ ತುಂಬಾ ವರ್ಷ ಆಯ್ತು. ಅಪ್ಪಂಗೆ ಗೊತ್ತಿಲ್ಲ ಅಂತ ನಾನು ಅಂದ್ಕೊಂಡಿದೀನಿ, ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದಾರೋ ಏನೋ.

ನಮ್ದು ಮಾಧ್ವರ ಮನೆ, ಗಂಗಾವತಿ ತಾಲೂಕಿನ ಒಂದು ಹಳ್ಳಿ. ಗುರುವಾರ ರಾಯರ ಮಠಕ್ಕೆ ಹೋಗಿ ಬಂದ್ರೆ ಮುಗೀತು ಅನ್ನೋ ಥರ ಅಲ್ಲ, ಪೂರ್ತಿ ಕಟ್ಟುನಿಟ್ಟು. ಏಕಾದಶಿ ದಿನ ದೊಡ್ಡೋರಿಗೆ ಹನಿ ನೀರಿಲ್ಲ, ದ್ವಾದಶಿ ದಿನ ಬೆಳಗಿನ ಜಾವ ಎಬ್ಬಿಸಿ ಪಾರಣೆ. ಆಷಾಢದ ಪ್ರಥಮ ಏಕಾದಶಿ ಬಂದ್ರೆ ಸುದರ್ಶನ ಹೋಮದ ಬೆಂಕೀಲಿ ಕಾಯಿಸಿದ ಶಂಖ ಚಕ್ರ ತೋಳಿಗೆ ಒತ್ತಿಸ್ಕೊಳ್ಳೋದು, ಚಿಕ್ಕೋನಿದ್ದಾಗ ಅಳದೇ ನಿಂತೆ ಅಂತ ಅಜ್ಜ ಊರೆಲ್ಲ ಹೇಳ್ಕೊಂಡು ಬಂದಿದ್ರು. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿ ಇಲ್ಲ, ಆಮೇಲೆ ಒಂದು ತಿಂಗಳು ಮೊಸರಿಲ್ಲ, ಆಮೇಲೆ ಹಾಲಿಲ್ಲ, ಕೊನೇ ತಿಂಗಳು ಬೇಳೆ ಇಲ್ಲ. ಇದೆಲ್ಲ ಕಷ್ಟ ಅಂತ ಯಾವತ್ತೂ ಅನ್ಸಿದ್ದಿಲ್ಲ ಬಿಡಿ, ತರಕಾರಿ ಇಲ್ಲದ ತಿಂಗಳಲ್ಲಿ ಅಮ್ಮ ಮೆಣಸು ಜೀರಿಗೆ ಹಾಕಿ ಮಾಡ್ತಿದ್ದ ಹೆಸರುಬೇಳೆ ತೊವ್ವೆ ಇವತ್ತಿಗೂ ಬೇಕು ಅನ್ಸುತ್ತೆ.

ಸಂಶಯ ಶುರುವಾಗಿದ್ದು ಸೈನ್ಸ್ ಓದಿ ಅಲ್ಲ. ಎಲ್ರೂ ಹಾಗಂದ್ಕೋತಾರೆ, ಬೆಂಗಳೂರಿಗೆ ಹೋದ, ಇಂಜಿನಿಯರಿಂಗ್ ಓದ್ದ, ಕೆಟ್ಟ ಅಂತ. ನಂದು ನಮ್ಮ ಸಿದ್ಧಾಂತ ಓದೇ ಶುರುವಾಗಿದ್ದು. ಬೇಸಿಗೆ ರಜೇಲಿ ಒಂದು ಪಾಠದ ಶಿಬಿರಕ್ಕೆ ಹಾಕಿದ್ರು, ಅಲ್ಲಿ ಜೀವರು ಮೂರು ಥರ ಅಂತ ಹೇಳ್ಕೊಟ್ರು, ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಮೂರನೇ ಗುಂಪಿನವರು ಕೊನೆಗೆ ಹೋಗೋದು ಅಂಧಂತಮಸ್ಸಿಗೆ, ಅಂದ್ರೆ ಕಗ್ಗತ್ತಲೆಯ ನರಕಕ್ಕೆ, ಅಲ್ಲಿಂದ ವಾಪಸ್ ಬರೋದು ಅಂತಿಲ್ಲ. ಮಾಡಿದ ಪಾಪಕ್ಕೆ ಶಿಕ್ಷೆ ಅಂದಿದ್ರೆ ಒಪ್ಕೋತಿದ್ದೆ, ಆದ್ರೆ ಈ ಯೋಗ್ಯತೆ ಅನ್ನೋದು ಅನಾದಿ, ಜೀವನೂ ಆರಿಸ್ಕೊಂಡಿದ್ದಲ್ಲ, ದೇವರೂ ಕೊಟ್ಟಿದ್ದಲ್ಲ, ಎಷ್ಟು ಜನ್ಮ ಆದ್ರೂ ಬದಲಾಗೋದೂ ಇಲ್ಲ. ಹಾಗಾದ್ರೆ ಅವನ ತಪ್ಪೇನು ಅಂತ ಕೇಳ್ದೆ. ಬೇವಿನಮರ ಯಾಕೆ ಕಹಿ ಅಂತ ಕೇಳ್ತೀಯೇನೋ, ಅದು ಅದರ ಸ್ವಭಾವ ಅಂದ್ರು. ಬೇವಿನಮರಾನ ಯಾರೂ ಕತ್ತಲಲ್ಲಿ ಕೂಡಿ ಹಾಕಲ್ವಲ್ಲ ಅಂತ ನಂಗೆ ಆಗ ಹೊಳೀಲಿಲ್ಲ. ನಮ್ಮ ಕ್ಲಾಸಲ್ಲಿ ನಂಗೆ ಲೆಕ್ಕ ಹೇಳ್ಕೊಡ್ತಿದ್ದ ಸಾಬರ ಹುಡುಗ ಒಬ್ಬ ಇದ್ದ, ಅವನು ಯಾವ ಗುಂಪು ಅಂತ ಕೇಳ್ದೆ. ಅವರು ನಕ್ಕು ಮುಂದಿನ ಶ್ಲೋಕಕ್ಕೆ ಹೋದ್ರು. ಆ ನಗು ಇನ್ನೂ ಕುತ್ತಿಗೇಲಿ ಸಿಕ್ಕಾಕ್ಕೊಂಡಂಗಿದೆ.

ಆಮೇಲೆ ಒಂದೊಂದೇ ಕಳಚ್ಕೊಂಡ್ ಹೋಯ್ತು. ಆನೆಗೊಂದಿ ಹತ್ರ ನದಿ ನಡುಗಡ್ಡೇಲಿ ಒಂಬತ್ತು ಮಾಧ್ವ ಯತಿಗಳ ಬೃಂದಾವನ (ಸಮಾಧಿ) ಇರೋ ನವಬೃಂದಾವನದಲ್ಲಿ ಆರಾಧನೆ ಯಾರು ಮಾಡ್ಬೇಕು ಅಂತ ಮಠ ಮಠಗಳೇ ಕೋರ್ಟ್ ಮೆಟ್ಟಿಲು ಹತ್ತಿದ್ದು ನಮ್ಮ ಕಡೆ ಎಲ್ರಿಗೂ ಗೊತ್ತು. ಎಲ್ಲ ಬಿಟ್ಟ ಸನ್ಯಾಸಿಗಳು ಪೂಜೆ ಹಕ್ಕು ಯಾಕ್ರೀ ಬಿಡಲ್ಲ?

ಆದ್ರೆ ಕೇಳಿ, 2019ರ ಜುಲೈನಲ್ಲಿ ನಿಧಿ ಆಸೆಗೆ ಯಾರೋ ಅಲ್ಲಿ ವ್ಯಾಸರಾಜರ ಬೃಂದಾವನ ಒಡೆದು ಹಾಕಿದ್ರಲ್ಲ, ಆ ಫೋಟೋ ನೋಡಿ ನಾನು ಆಫೀಸ್ ಬಾತ್‌ರೂಮಲ್ಲಿ ನಿಂತು ಅತ್ತಿದೀನಿ. ನಂಬಿಕೆ ಇಲ್ಲದವನಿಗೆ ಕಲ್ಲು ಒಡೆದ್ರೆ ಯಾಕೆ ಹೊಟ್ಟೆ ಉರೀಬೇಕು? ಮೊನ್ನೆ 2025ರ ಏಪ್ರಿಲಲ್ಲಿ ಸಿಇಟಿ ಪರೀಕ್ಷೆಗೆ ಜನಿವಾರ ತೆಗೀರಿ ಅಂದ್ರು ಅಂತ ಗಲಾಟೆ ಆದಾಗ್ಲೂ ಅಷ್ಟೇ, ನನ್ನ ಜನಿವಾರ ಎಲ್ಲಿದೆ ಅಂತ ನಂಗೇ ಗೊತ್ತಿಲ್ಲ, ಸಿಟ್ಟು ಮಾತ್ರ ನೆತ್ತಿಗೇರಿತ್ತು.

ಈಗ ಪ್ರಶ್ನೆ. ಮುಂಜೀಲಿ ಪಟ್ಟೆ ವಸ್ತ್ರ ಹೊದ್ಕೊಂಡು ಅದರೊಳಗೆ ಕೂತು ಮಗನ ಕಿವೀಲಿ ಗಾಯತ್ರಿ ಹೇಳ್ಬೇಕಾದವನು ನಾನು. ಬೇರೆ ಎಲ್ಲ ನಾಟಕ ಮಾಡಬಹುದು, ಅಪ್ಪನ ಸಮಾಧಾನಕ್ಕೆ ಮಡಿ ಉಡ್ತೀನಿ, ಹೋಮಕ್ಕೆ ತುಪ್ಪ ಹಾಕ್ತೀನಿ. ಅದೊಂದು ಮಾತ್ರ ಆಗ್ತಿಲ್ಲ, ಅಲ್ಲಿ ಇರೋದು ನಾನು, ಅವನು, ಅಷ್ಟೇ, ಅವನು ನನ್ನ ಮಾತು ಪೂರ್ತಿ ನಂಬ್ತಾನೆ. ಸಾಲದ್ದಕ್ಕೆ ಹನ್ನೊಂದು ವರ್ಷದ ಮಗಳು 'ತಮ್ಮಂಗೆ ಮಾತ್ರ ಯಾಕೆ, ನಂಗ್ಯಾಕಿಲ್ಲ' ಅಂತ ಕೇಳ್ತಿದಾಳೆ, ಅದಕ್ಕೂ ಉತ್ತರ ಇಲ್ಲ.

ಇಂಥಾ ಪರಿಸ್ಥಿತೀಲಿ ಇದ್ದೋರು ಯಾರಾದ್ರೂ ಇದ್ರೆ ಏನ್ ಮಾಡಿದ್ರಿ ಹೇಳಿ. ದಯವಿಟ್ಟು 'ಇದೆಲ್ಲ ವೈಜ್ಞಾನಿಕ, ಗಾಯತ್ರಿಯಿಂದ ಮೆದುಳಿಗೆ ವೈಬ್ರೇಶನ್' ಅಂತ ಮಾತ್ರ ಬರೀಬೇಡಿ.

ಎಚ್ಚೆನ್_ಶಿಷ್ಯ

ಉತ್ತರ ನಿಮ್ಮ ಪೋಸ್ಟಲ್ಲೇ ಇದೆ. ಮಗ ನಿಮ್ಮನ್ನ ಪೂರ್ತಿ ನಂಬ್ತಾನೆ ಅಂದ್ರಲ್ಲ, ಹಾಗಾದ್ರೆ ಸುಳ್ಳು ಹೇಳ್ಬೇಡಿ. ಮುಗೀತು.

ನಾನು ನ್ಯಾಷನಲ್ ಕಾಲೇಜಲ್ಲಿ ಓದಿದವನು. ಎಚ್.ನರಸಿಂಹಯ್ಯನವರು ಬೆಂಗಳೂರು ವಿವಿ ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡಗಳನ್ನ ಪರೀಕ್ಷೆ ಮಾಡಕ್ಕೆ ಒಂದು ಸಮಿತಿ ಮಾಡಿ ಸಾಯಿಬಾಬಾಗೇ ಕಾಗದ ಬರೆದ್ರು, ಬಾಬಾ ಒಪ್ಪಲಿಲ್ಲ ಅನ್ನೋದು ಎಲ್ರಿಗೂ ಗೊತ್ತಿರೋದೆ. ಆ ಕಾಲದಲ್ಲಿ ದೊಡ್ಡ ದೊಡ್ಡ ಆಫೀಸರ್‌ಗಳು ಜಡ್ಜ್‌ಗಳು ಎಲ್ಲ ಆ ಕಡೆ ಕೈಮುಗಿದು ನಿಂತಿದ್ರು, ಆದ್ರೂ ಕೇಳಿದ್ರು. ಅಂಥ ಮನುಷ್ಯ ಇದ್ದ ಊರಲ್ಲಿ ಕೂತ್ಕೊಂಡು ನೀವು ಸ್ವಂತ ಅಪ್ಪನ ಹತ್ರ ಒಂದು ಮಾತು ಹೇಳಕ್ಕೆ ಹೆದರ್ತಿದೀರ. ನಿಮ್ಮ ಮಗಳ ಪ್ರಶ್ನೆಗೆ ಉತ್ತರ ಇಲ್ಲ ಅಂದ್ರಿ, ಉತ್ತರ ಇದೆ, ಹೇಳಕ್ಕೆ ನಾಚಿಕೆ ಅಷ್ಟೇ.

ಬೃಂದಾವನ ಒಡೆದಾಗ ಅತ್ತಿದ್ದಕ್ಕೆ ತಲೆ ಕೆಡಿಸ್ಕೋಬೇಡಿ. ಹಂಪೀಲಿ ಕಂಬ ಬೀಳಿಸಿದ್ರೂ ಅಳು ಬರುತ್ತೆ.

ಆನೆಗೊಂದಿ_ಕಡೆಯವ

ಸರ್ ನೀವು ಹೇಳೋದು ಸರಿ ಇರಬಹುದು, ಆದ್ರೆ ಸಾಯಿಬಾಬಾಗೆ ಕಾಗದ ಬರೆಯೋದು ಬೇರೆ, ಮಂಡಿನೋವಲ್ಲಿ ಮೂರು ಹೊತ್ತು ನೆಲದ ಮೇಲೆ ಕೂತು ಸಂಧ್ಯಾವಂದನೆ ಮಾಡೋ ಅಪ್ಪಂಗೆ 'ನೀವು ಮಾಡ್ತಿರೋದೆಲ್ಲ ಸುಳ್ಳು' ಅನ್ನೋದು ಬೇರೆ. ನಮ್ಮಪ್ಪ ಯಾರಿಗೂ ವಿಭೂತಿ ಉದುರಿಸಿ ಮೋಸ ಮಾಡಿದವರಲ್ಲ. ಅವರನ್ನ ಪರೀಕ್ಷೆ ಮಾಡೋಕೆ ಸಮಿತಿ ಬೇಡ.

ಆಮೇಲೆ ಹಂಪಿ ಕಂಬಕ್ಕೆ ಅಳು ಬರುತ್ತೆ ನಿಜ, ಆದ್ರೆ ಅವತ್ತು ಬಂದಿದ್ದು ಆ ಥರದ್ದಲ್ಲ. ನಮ್ಮ ಮನೆಯವರಿಗೆ ಯಾರೋ ಹೊಡೆದಂಗಿತ್ತು.

ಧಾರವಾಡ_ಪೇಡೆ

ನಿಮ್ಮ ಪೋಸ್ಟ್ ಓದಿ ಸುಮ್ನ ಇರಾಕ ಆಗಲಿಲ್ರಿ. ನಾ ಲಿಂಗಾಯತರ ಮನಿಯಾಕಿ. ನಮ್ಮಲ್ಲೆ ಹುಡುಗ ಹುಡುಗಿ ಅಂತ ಭೇದ ಇಲ್ಲದ ಲಿಂಗಧಾರಣ ಮಾಡ್ತಾರ, ನನಗ ಕೂಸಿದ್ದಾಗs ಕಟ್ಯಾರ. ದಿನಾ ಜಳಕ ಆದಮ್ಯಾಲೆ ಎಡಗೈಯಾಗ ಲಿಂಗ ಇಟ್ಕೊಂಡು ಪೂಜಿ ಮಾಡಲಾರದ ನಮ್ಮವ್ವ ಚಾ ಸೈತ ಕೊಡ್ತಿದ್ದಿಲ್ಲ. ಹಂಗಾಗಿ ನಿಮ್ಮ ಮಗಳಿಗೆ ಇರೋ ಪ್ರಶ್ನೆ ನನಗ ಇರಲಿಲ್ಲ ಅನ್ರಿ, ಕಾಗದದ ಮ್ಯಾಲೆ ನಮ್ದು ಭಾಳ ಚಂದ ಅದ.

ನನ್ನ ನಂಬಿಕಿ ಹೋಗಿದ್ದು ಮದವಿ ಮಾತು ಬಂದಾಗ. ವರ್ಷಾ ಬಸವ ಜಯಂತಿಗೆ ವೇದಿಕೆ ಮ್ಯಾಲೆ ನಿಂತು ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸರ ಮಕ್ಕಳ ಮದವಿ ಸಲುವಾಗಿ ಕಲ್ಯಾಣದಾಗ ರಕ್ತ ಹರೀತು ಅಂತ ಕಣ್ಣಾಗ ನೀರು ತಂದು ಭಾಷಣ ಮಾಡ್ತಿದ್ದ ನಮ್ಮ ಕಾಕಾ, ನಾ ಒಬ್ಬ ಹುಡುಗನ ಹೆಸರು ಹೇಳಿದ ಕೂಡ್ಲೆ ಮೊದಲ ಕೇಳಿದ್ದು 'ಯಾವ ಒಳಪಂಗಡ' ಅಂತ. ಅವರೂ ಲಿಂಗಾಯತರs ಇದ್ರು! ಒಳಪಂಗಡ ಬ್ಯಾರೆ ಆತಂತ ಮಾರಿ ತಿರುಗಿಸಿದ್ರು. ಅವತ್ತು ಲಿಂಗ ತಗದು ಕಪಾಟಿನ್ಯಾಗ ಇಟ್ಟೆ. ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ, ಸೀರಿ ಒಳಗ ಅದ ಅಂತ ತಿಳ್ಕೊಂಡ್ರು.

ಆಮ್ಯಾಲೆ ಅವ್ವ ತೀರ್ಕೊಂಡ್ಳು. ನಮ್ಮಲ್ಲೆ ಸುಡೂದಿಲ್ಲ, ಕುಂಡ್ರಿಸಿ ಮಣ್ಣು ಮಾಡ್ತಾರ, ಕೈಯಾಗ ಲಿಂಗ ಇಟ್ಟು. ಆಕಿ ಕೈ ಮಡಚಿ ಅದರಾಗ ಲಿಂಗ ಇಡೂವಾಗ ನನಗ ಏನೂ ಸುಳ್ಳು ಅನ್ನಸಲಿಲ್ರಿ. ಶಿವ ಅದಾನೋ ಇಲ್ಲೋ ಅನ್ನೂ ಪ್ರಶ್ನಿ ಆ ಹೊತ್ತಿಗೆ ಬರಲೇ ಇಲ್ಲ. ಆಕಿ ಜೀವಮಾನ ಪೂರ್ತಿ ಹಿಡ್ಕೊಂಡಿದ್ದನ್ನ ಆಕಿಗೆ ಕೊಟ್ಟು ಕಳಸಾಕತ್ತೀನಿ, ಅಷ್ಟs.

ಮನಿಗೆ ಬಂದು ನನ್ನ ಲಿಂಗ ಮತ್ತ ಕಟ್ಕೊಂಡೆನೇನು ಅಂದ್ರ ಇಲ್ಲ. ಅದು ಕಪಾಟಿನ್ಯಾಗs ಅದ. ಜನ ಇಂಥಾ ಕತಿ ಕಡೀಕ ನಂಬಿಕಿ ವಾಪಸ್ ಬಂತು ಅಂತ ಮುಗಸ್ತಾರ, ನನಗ ಬಂದಿಲ್ಲ. ಆದ್ರ ಹೊರಗ ಒಗಿಯೂ ವಿಚಾರನೂ ಬಂದಿಲ್ಲ.

ನಿಮಗ ಒಂದ ಮಾತು ಹೇಳ್ತೀನಿ. ನೀವು ಎರಡು ಬ್ಯಾರೆ ಬ್ಯಾರೆ ವಿಚಾರ ಕೂಡಿಸಾಕತ್ತೀರಿ. ನಿಮ್ಮಪ್ಪಗ ಏನು ಕೊಡಬೇಕು ಅನ್ನೂದು ಒಂದು, ಮಗಗ ಏನು ಕೊಡಬೇಕು ಅನ್ನೂದು ಇನ್ನೊಂದು. ಅಪ್ಪನ ಸಲುವಾಗಿ ಮಗಗ ಕೊಡಬ್ಯಾಡ್ರಿ.

ನಿವೃತ್ತ_ಮೇಷ್ಟ್ರು

ನಾನೂ ಮಾಧ್ವನೇ, ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನು. ಮೊದಲು ಸಿದ್ಧಾಂತದ ಮಾತು ಹೇಳ್ತೀನಿ, ಆಮೇಲೆ ಮುಂಜಿ ವಿಷಯ.

ತಮೋಯೋಗ್ಯ ಅನ್ನೋದು ಹುಟ್ಟಿದ ಜಾತಿ ಮೇಲಾಗ್ಲಿ ಮತದ ಮೇಲಾಗ್ಲಿ ನಿಂತಿಲ್ಲ. ಯಾವ ಜೀವನ ಸ್ವರೂಪ ಏನು ಅಂತ ಹೇಳೋ ಅಧಿಕಾರ ನಿಮಗೂ ಇಲ್ಲ, ನನಗೂ ಇಲ್ಲ, ಆ ಶಿಬಿರದಲ್ಲಿ ನಕ್ಕವರಿಗೂ ಇಲ್ಲ. ಅಗ್ರಹಾರದಲ್ಲಿ ಹುಟ್ಟಿ ಮುದ್ರೆ ಹಚ್ಕೊಂಡೋನು ತಮೋಯೋಗ್ಯ ಆಗಿರಬಹುದು, ನಿಮಗೆ ಲೆಕ್ಕ ಹೇಳ್ಕೊಟ್ಟ ಹುಡುಗ ಮುಕ್ತಿಯೋಗ್ಯ ಆಗಿರಬಹುದು. ಅಷ್ಟು ಹೇಳಿ ಅವರು ಸುಮ್ಮನಾಗಬೇಕಿತ್ತು. ಮಗು ಕೇಳಿದ ಪ್ರಶ್ನೆಗೆ ನಗೋದು ಪಾಠ ಹೇಳೋರ ಲಕ್ಷಣ ಅಲ್ಲ.

ಆದರೆ ಇದರಿಂದ ನಿಮ್ಮ ಪ್ರಶ್ನೆ ಮುಗಿಯಲ್ಲ ಅಂತ ನನಗೂ ಗೊತ್ತು. ದೇವರಿಗೆ ಪಕ್ಷಪಾತ, ನಿರ್ದಯತೆ ಎರಡೂ ಇಲ್ಲ, ಯಾಕಂದ್ರೆ ಅವನು ಕರ್ಮವನ್ನ ನೋಡಿ ಕೊಡ್ತಾನೆ ಅಂತ ವೇದಾಂತದ ಮೂಲಗ್ರಂಥ ಬ್ರಹ್ಮಸೂತ್ರದ ಎರಡನೇ ಅಧ್ಯಾಯದಲ್ಲೇ ಇದೆ. ಅಂದ್ರೆ ನೀವು ಕೇಳಿದ್ದು ಹೊಸದಲ್ಲ, ಸೂತ್ರಕಾರರಿಗೂ ಯಾರೋ ಕೇಳಿದ್ರು ಅಂತಲೇ ಅರ್ಥ. ಕರ್ಮ ಯಾಕೆ ಹಾಗಿದೆ ಅಂದ್ರೆ ಅನಾದಿ, ಸ್ವಭಾವ ಯಾಕೆ ಹಾಗಿದೆ ಅಂದ್ರೆ ಅನಾದಿ. ಅಲ್ಲಿಗೆ ಹೋಗಿ ಎಲ್ಲರೂ ನಿಲ್ಲಲೇಬೇಕು. ನನಗೆ ಆ ಜಾಗದಲ್ಲಿ ನಿಂತ್ರೆ ಸಾಕು ಅನ್ಸುತ್ತೆ, ನಿಮಗೆ ಸಾಲಲ್ಲ. ಅದಕ್ಕೆ ನಿಮ್ಮನ್ನ ಪಾಪಿ ಅನ್ನೋಕೆ ನಾನು ತಯಾರಿಲ್ಲ. ನಮ್ಮ ಗ್ರಂಥಗಳಲ್ಲಿ ಎದುರಾಳಿಯ ವಾದವನ್ನ ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಉತ್ತರ ಕೊಡ್ಬೇಕು ಅನ್ನೋ ಕ್ರಮ ಇದೆ, ಪೂರ್ವಪಕ್ಷ ಅಂತ. ನೀವೀಗ ಕೂತಿರೋದು ಪೂರ್ವಪಕ್ಷದಲ್ಲಿ, ಗ್ರಂಥದ ಹೊರಗಲ್ಲ.

ಇನ್ನು ಕರ್ಮ ಮಾಡೋಕೆ ದೇವರು ಬೇಕೇ ಬೇಕಾ? ಶಬರಸ್ವಾಮಿ, ಕುಮಾರಿಲಭಟ್ಟರಂಥ ಮೀಮಾಂಸಕರು, ಅಂದ್ರೆ ವೇದದ ಯಜ್ಞಕರ್ಮದ ವಿಚಾರ ಮಾಡಿದ ಪಂಡಿತರು, ಜಗತ್ತನ್ನ ಸೃಷ್ಟಿ ಮಾಡೋ ಈಶ್ವರನನ್ನ ಒಪ್ಪಲೇ ಇಲ್ಲ, ಆದ್ರೆ ಯಜ್ಞದ ಒಂದು ಅಕ್ಷರ ಬಿಡಲಿಲ್ಲ. ಮಾಧ್ವರಿಗೆ ಇದು ಸಮ್ಮತ ಅಲ್ಲ, ನನಗೂ ಅಲ್ಲ, ಆದ್ರೆ ನಂಬಿಕೆ ಇಲ್ಲದೆ ಕರ್ಮ ಮಾಡಿದ್ರೆ ಅದು ನಾಟಕ ಅಂತ ನೀವು ಅಂದ್ಕೊಂಡಿದೀರಲ್ಲ, ಆ ಲೆಕ್ಕ ಈ ನೆಲದಲ್ಲಿ ಎಲ್ಲರೂ ಒಪ್ಪಿದ್ದಲ್ಲ ಅಂತ ಹೇಳಿದೆ.

ಈಗ ಮುಂಜಿ. ಶಾಸ್ತ್ರದಲ್ಲಿ ಬ್ರಾಹ್ಮಣನಿಗೆ ಎಂಟನೇ ವರ್ಷ ಮುಖ್ಯಕಾಲ, ಆದ್ರೆ ಹದಿನಾರರವರೆಗೆ ಅವಕಾಶ ಇದೆ. ಫ್ರಿಜ್ ಮೇಲಿರೋ ಮುಹೂರ್ತ ತಪ್ಪಿದ್ರೆ ಯಾವ ಆಕಾಶವೂ ಬೀಳಲ್ಲ. ಎರಡನೇದು, ಉಪದೇಶ ಅಪ್ಪನೇ ಮಾಡಬೇಕು ಅಂತಿಲ್ಲ. ಅಪ್ಪ ಮೊದಲ ಅಧಿಕಾರಿ, ಅವನಿಗಾಗದಿದ್ರೆ ಅಜ್ಜ. ನಂಬಿರೋರು ಮಗುವಿನ ಕಿವೀಲಿ ಹೇಳಲಿ, ನೀವು ಪಕ್ಕದಲ್ಲಿ ಕೂತಿರಿ. ಇದು ಸುಳ್ಳೂ ಅಲ್ಲ, ಮುಂಜಿ ನಿಂತಂಗೂ ಅಲ್ಲ.

ಮಗಳ ಪ್ರಶ್ನೆ. ಬ್ರಹ್ಮವಾದಿನಿಯರಿಗೆ, ಅಂದ್ರೆ ವೇದ ಓದೋ ಹೆಣ್ಣುಮಕ್ಕಳಿಗೆ, ಉಪನಯನ ಇತ್ತು ಅಂತ ಹಾರೀತರ ಮಾತು ಸ್ಮೃತಿಗ್ರಂಥಗಳಲ್ಲಿ ಉಳಿದಿದೆ, ಆಮೇಲಿನವರು ಅದನ್ನ ಹಿಂದಿನ ಕಲ್ಪದ ಮಾತು ಅಂತ ಪಕ್ಕಕ್ಕಿಟ್ರು. ನಮ್ಮ ಸಂಪ್ರದಾಯದಲ್ಲಿ ಇಲ್ಲ. ಯಾಕಿಲ್ಲ ಅಂತ ಅವಳು ಕೇಳಿದ್ರೆ, ಇತ್ತು, ಬಿಟ್ರು ಅಂತ ನಿಜ ಹೇಳಿ.

ಒಂದು ಸಿಟ್ಟಿನ ಮಾತು ಹೇಳಿ ಮುಗಿಸ್ತೀನಿ. ಸಂಧ್ಯಾವಂದನೆ ದಿನಾ ಕೂತು ಕಲಿಸೋರು ಮನೇಲಿ ಇಲ್ಲ ಅಂದ್ರೆ ಮುಂಜಿ ಮಾಡಬೇಡಿ. ಡ್ರೋನ್ ಕ್ಯಾಮೆರಾ, ಚಾಟ್ ಕೌಂಟರ್, ರಿಟರ್ನ್ ಗಿಫ್ಟ್ ಎಲ್ಲ ಆಗಿ ಮೂರನೇ ವಾರಕ್ಕೆ ಜನಿವಾರ ಬಾತ್‌ರೂಮ್ ಮೊಳೆ ಮೇಲೆ ನೇತಾಡ್ತಿರುತ್ತೆ. ನಂಬಿಕೆ ಇರೋ ಮನೆಗಳಲ್ಲೇ ಹೀಗೆ. ನಿಮ್ಮಂಥ ನಾಸ್ತಿಕರಿಗಿಂತ ಅವರ ಮೇಲೆ ನನಗೆ ಸಿಟ್ಟು ಜಾಸ್ತಿ.

ಎಚ್ಚೆನ್_ಶಿಷ್ಯ

ಮೇಷ್ಟ್ರೇ, ತುಂಬಾ ಚೆನ್ನಾಗಿ ಬರೆದ್ರಿ, ಅದಕ್ಕೇ ಹೆದರಿಕೆ ಆಗುತ್ತೆ. ಎಷ್ಟು ದೂರ ಹೋದ್ರೂ 'ನೀನು ಒಳಗೇ ಇದೀಯ ಮಗು' ಅಂತ ಬಾಗಿಲು ಹಾಕ್ಬಿಡ್ತೀರ. ಪೂರ್ವಪಕ್ಷದಲ್ಲಿ ಕೂತಿದೀರ ಅಂತೀರ, ಪೂರ್ವಪಕ್ಷ ಕೊನೆಗೆ ಯಾವತ್ತಾದ್ರೂ ಗೆದ್ದಿದ್ಯಾ? ಅದು ಸೋಲೋಕೇ ಬರೆಯೋದು.

ಮೀಮಾಂಸಕರು ಈಶ್ವರನನ್ನ ಬಿಟ್ರು ಅಂದ್ರಿ, ನಿಜ. ಅಧಿಕಾರ ಭೇದ ಬಿಟ್ರಾ? ಶೂದ್ರನಿಗೆ ವೇದದ ಅಧಿಕಾರ ಇಲ್ಲ ಅಂತ ಅವರೂ ಒಂದು ಅಧಿಕರಣ (ಚರ್ಚೆಯ ಭಾಗ) ಬರೆದ್ರು, ಬ್ರಹ್ಮಸೂತ್ರದಲ್ಲೂ ಅಪಶೂದ್ರಾಧಿಕರಣ ಇದೆ, ಅದಕ್ಕೆ ಮೂರೂ ಆಚಾರ್ಯರು ಭಾಷ್ಯ ಬರೆದು ಅದನ್ನೇ ಹೇಳಿದ್ರು. ದೇವರಿದಾನಾ ಇಲ್ವಾ ಅನ್ನೋದ್ರಲ್ಲಿ ಅಷ್ಟೊಂದು ಜಗಳ, ಇದೊಂದ್ರಲ್ಲಿ ಮಾತ್ರ ಎಲ್ರೂ ಒಂದೇ ಮಾತು! ಹಂಗಾಗಿ ಪೋಸ್ಟ್ ಹಾಕಿರೋರು ತಮ್ಮ ನಂಬಿಕೆ ಬಗ್ಗೆ ಮಾತ್ರ ಯೋಚನೆ ಮಾಡ್ತಿದಾರೆ, ಜನಿವಾರ ಯಾರನ್ನ ಹೊರಗಿಡುತ್ತೆ ಅನ್ನೋದು ಮಗಳು ಕೇಳೋವರೆಗೂ ತಲೆಗೇ ಬಂದಿಲ್ಲ. ನಾನು ಒಕ್ಕಲಿಗರ ಹುಡುಗ, ನಮ್ಮ ಮನೇಲಿ ಮುಂಜಿ ಅಂತ ಒಂದಿಲ್ಲ, ನಿಮ್ಮ ಈ ಸಂಕಟಾನೇ ಒಂಥರಾ ಲಕ್ಷುರಿ ಅನ್ಸುತ್ತೆ ನಂಗೆ, ಬೇಜಾರ್ ಮಾಡ್ಕೋಬೇಡಿ.

ನಿವೃತ್ತ_ಮೇಷ್ಟ್ರು

ಬೇಜಾರಿಲ್ಲ. ನೀವು ಹೇಳಿದ ಅಧಿಕರಣ ಇದೆ, ಮೂವರೂ ಹಾಗೇ ಬರೆದಿದಾರೆ. ಅದನ್ನ ಪಾಠ ಹೇಳೋವಾಗ ನಾನು ಬೇಗ ಬೇಗ ಮುಗಿಸ್ತಿದ್ದೆ. ಅದಕ್ಕಿಂತ ಜಾಸ್ತಿ ಹೇಳೋಕೆ ನನ್ನ ಹತ್ರ ಏನೂ ಇಲ್ಲ.

ಬಜ್ಪೆ_ಟು_ದುಬೈ

ನಾನು ಮಂಗ್ಳೂರು ಕಡೆ ಕ್ರಿಶ್ಚಿಯನ್, ಕೊಂಕಣಿ ಕೆಥೊಲಿಕ್. ನನ್ನ ಕನ್ನಡ ಸ್ವಲ್ಪ ಹೀಗೇ, ಅಡ್ಜಸ್ಟ್ ಮಾಡಿ.

ಮೇಲೆ ಮೇಷ್ಟ್ರು ಹೇಳಿದ್ದರಲ್ಲಿ ಒಂದು ನನಗೆ ತಾಗಿತು ಮಾರಾಯ್ರೆ. ನಿಮ್ಮಲ್ಲಿ ನೀವು ಎಂತ ನಂಬ್ತೀರಿ ಅಂತ ಯಾರೂ ಕೇಳುದಿಲ್ಲ ಅಲ್ವಾ, ಮಾಡ್ತೀರಾ ಇಲ್ವಾ ಅಂತ ಮಾತ್ರ ನೋಡುದು. ನಮ್ಮಲ್ಲಿ ಹಾಗಲ್ಲ. ಮಗುವಿಗೆ ಜ್ಞಾನಸ್ನಾನ ಕೊಡುವಾಗ ಅಪ್ಪ ಅಮ್ಮನನ್ನು, ಗಾಡ್‌ಫಾದರ್ ಗಾಡ್‌ಮದರನ್ನು ಎದ್ದು ನಿಲ್ಸಿ ಪಾದ್ರಿ ಕೇಳ್ತಾರೆ, ಸೈತಾನನನ್ನು ತ್ಯಜಿಸ್ತೀರಾ, ಸರ್ವಶಕ್ತ ದೇವರನ್ನು ನಂಬ್ತೀರಾ, ಯೇಸು ಸತ್ತು ಎದ್ದು ಬಂದದ್ದನ್ನು ನಂಬ್ತೀರಾ ಅಂತ. ಒಂದೊಂದಕ್ಕೂ ಹೌದು ಹೌದು ಅಂತ ಬಾಯಿ ಬಿಟ್ಟು ಹೇಳ್ಬೇಕು. ನಾನು ನನ್ನ ಮಗಳ ಜ್ಞಾನಸ್ನಾನಕ್ಕೆ ಊರಿಗೆ ಬಂದು ಕೋಟು ಹಾಕಿ ನಿಂತು ಎಲ್ಲದಕ್ಕೂ ಹೌದು ಹೇಳಿದ್ದೇನೆ. ಒಂದನ್ನೂ ನಂಬದೆ. ಅಮ್ಮ ಎದುರು ಬೆಂಚಲ್ಲಿ ಕೂತಿದ್ರು.

ಅದು ಈಗ್ಲೂ ಗಂಟಲಲ್ಲಿ ಉಂಟು. ಸುಳ್ಳು ಹೇಳಿದ್ದಕ್ಕೆ ಅಂತ ಅಲ್ಲ, ಸುಳ್ಳು ಆಫೀಸಲ್ಲಿ ದಿನಾ ಹೇಳ್ತೇವೆ. ಚಿಕ್ಕಂದಿನಲ್ಲಿ ಪ್ರತೀ ರಾತ್ರಿ ಮನೆಯಲ್ಲಿ ಎಲ್ರೂ ಮೊಣಕಾಲೂರಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳ್ಬೇಕಿತ್ತು, ನಾನು ಅರ್ಧದಲ್ಲಿ ನಿದ್ದೆ ಹೋಗ್ತಿದ್ದೆ, ಅಜ್ಜಿ ಜಪಮಾಲೆಯಲ್ಲೇ ತಲೆಗೆ ಕುಟ್ಟಿ ಎಬ್ಬಿಸ್ತಿದ್ರು. ಆಗ ನಂಬಿಕೆ ಇತ್ತು, ಗಮನ ಇರ್ಲಿಲ್ಲ. ಜ್ಞಾನಸ್ನಾನದ ದಿನ ಪೂರ್ತಿ ಗಮನ ಇತ್ತು, ನಂಬಿಕೆ ಇರ್ಲಿಲ್ಲ. ಎರಡು ಒಟ್ಟಿಗೆ ನನಗೆ ಸಿಗ್ಲೇ ಇಲ್ಲ ಅಂತ ಕಾಣ್ತದೆ.

ನನ್ನ ಹೆಂಡತಿಗೆ ನಂಬಿಕೆ ಉಂಟು, ಮಗಳನ್ನು ಅವಳೇ ದೊತೊರ್ನ್‌ಗೆ (ಚರ್ಚಿನ ಧರ್ಮಪಾಠಕ್ಕೆ) ಕರ್ಕೊಂಡು ಹೋಗ್ತಾಳೆ, ನಾನು ಡ್ರೈವರ್. ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್‌ಗೆ ಊರಿಗೆ ಹೋಗ್ಲಿಕ್ಕೆ ಆದ್ರೆ ಹೋಗ್ತೇನೆ. ಮಕ್ಕಳು ಮಾತೆ ಮೇರಿಗೆ ಹೂ ಹಾಕುದು, ಹೊಸ ತೆನೆ ಮನೆಗೆ ತರುದು, ಅವತ್ತು ಮಾತ್ರ ನಮ್ಮ ಮನೆಯಲ್ಲಿ ಮೀನು ಕೂಡ ಇಲ್ಲ, ಬರೀ ತರಕಾರಿ ಊಟ, ಹೊಸ ಅಕ್ಕಿ ಹಾಲಲ್ಲಿ ಹಾಕಿ ಎಲ್ರಿಗೂ ಒಂದೊಂದು ಚಮಚ. ಅದಕ್ಕೆ ಯಾರೂ ನಂಬ್ತೀಯಾ ಅಂತ ಕೇಳುದಿಲ್ಲ. ಊಟ ಮಾಡ್ತೀಯಾ ಅಂತ ಕೇಳ್ತಾರೆ.

ನನ್ನ ಪ್ರಕಾರ ನೀವು ಅಜ್ಜನ ಹತ್ರ ಹೇಳಿಸಿ. ನನಗೆ ಹಾಗೆ ಒಂದು ದಾರಿ ಇರ್ಲಿಲ್ಲ, ಇದ್ದಿದ್ರೆ ಖಂಡಿತ ಹಿಡೀತಿದ್ದೆ.

ಸುಮ್ನೆ_ಓದೋನು

ಸರ್ವಧರ್ಮ ಸಮ್ಮೇಳನ ಚೆ‌ನ್ನಾಗಿ ನಡೀತಿದೆ, ಊಟದ ವ್ಯವಸ್ಥೆ ಎಲ್ಲಿ?

ಜೋಕ್ ಪಕ್ಕಕ್ಕಿಡಿ. ನಾನು ಮುಂಜಿ ಆಗಿ ಬಿಟ್ಟವನು. ಅಪ್ಪಂಗೆ ನಂಬಿಕೆ ಇತ್ತಾ ಇಲ್ವಾ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ, ಕೇಳಕ್ಕೆ ಆಗ್ಲಿಲ್ಲ, ಈಗ ಅವರಿಲ್ಲ. ವರ್ಷಕ್ಕೊಂದ್ಸಲ ಅವರ ತಿಥಿ ಮಾಡೋವಾಗ ಪುರೋಹಿತರು ಹೇಳಿದ್ದನ್ನ ಹೇಳ್ತಾ ಎಳ್ಳು ನೀರು ಬಿಡ್ತೀನಿ, ಈಗ ಇದೆಲ್ಲ ಅವರಿಗೆ ಮುಟ್ಟುತ್ತೆ ಅಂತ ಅವರು ನಂಬ್ತಿದ್ರಾ ಅಂತ ಪ್ರತೀ ಸಲ ಅನ್ಸುತ್ತೆ. ನೀವು ಮುಂಜಿ ಮಾಡ್ಸಿ ಬಿಡಿ, ಆದ್ರೆ ಮಗ ದೊಡ್ಡೋನಾದ್ಮೇಲೆ ಅವನಿಗೆ ನಿಮ್ಮ ವಿಷಯ ಗೊತ್ತಿರ್ಲಿ. ಅದೊಂದು ಮಾಡಿ.

ಆಮೇಲೆ ಇಷ್ಟುದ್ದ ಬರೆದಿದೀರ, ಅಪ್ಪ ಇದಾರೆ ಅಜ್ಜ ಇದಾರೆ ಮಗ ಮಗಳು ಶಿಬಿರದವರು ಎಲ್ರೂ ಇದಾರೆ, ನಿಮ್ಮ ಮನೆಯವರು ಏನಂತಾರೆ ಅಂತ ಒಂದು ಸಾಲೂ ಇಲ್ವಲ್ಲ?

ಧಾರವಾಡ_ಪೇಡೆ

ಹೌದ್ ನೋಡ್ರಿ, ನಾನೂ ಅದನ್ನs ಕೇಳಬೇಕಂತ ಬಂದೆ.

ಆನೆಗೊಂದಿ_ಕಡೆಯವ

ಲೇಟಾಗಿ ಬರೀತಿರೋದಕ್ಕೆ ಕ್ಷಮಿಸಿ, ಎಲ್ಲ ಓದಿದೀನಿ, ಕೆಲವನ್ನ ಎರಡು ಮೂರು ಸಲ.

ಎಚ್ಚೆನ್ ಶಿಷ್ಯರೇ, ಲಕ್ಷುರಿ ಅಂದಿದ್ದಕ್ಕೆ ಮೊದಲು ಉರೀತು. ಆಮೇಲೆ ಯೋಚನೆ ಮಾಡಿದ್ರೆ, ಸಿಇಟಿ ಗಲಾಟೇಲಿ ನಂಗೆ ಬಂದ ಸಿಟ್ಟು ಯಾವ ಥರದ್ದು ಅಂತ ನಂಗೇ ಅನುಮಾನ ಬಂದಿದೆ, ಅದನ್ನ ಇಲ್ಲಿ ಬಿಡಿಸಿ ಹೇಳಕ್ಕೆ ಇನ್ನೂ ಆಗ್ತಿಲ್ಲ. ಮೇಷ್ಟ್ರು 'ಬೇಗ ಬೇಗ ಮುಗಿಸ್ತಿದ್ದೆ' ಅಂದ್ರಲ್ಲ, ಆ ಒಂದು ಸಾಲಿಗೆ ನಂಗೆ ಅವರ ಮೇಲೆ ಇದ್ದ ಗೌರವ ಇನ್ನೂ ಜಾಸ್ತಿ ಆಯ್ತು. ಶಿಬಿರದಲ್ಲಿ ಅಂಥವರು ಸಿಕ್ಕಿದ್ರೆ ನಂಬಿಕೆ ಉಳೀತಿತ್ತಾ? ಇಲ್ಲ ಅನ್ಸುತ್ತೆ, ಪ್ರಶ್ನೆ ಅಲ್ಲೇ ಇದೆ. ಆದ್ರೆ ಕಹಿ ಇಷ್ಟಿರ್ತಿರ್ಲಿಲ್ಲ.

ಮನೆಯವಳ ವಿಷಯ. ಅವಳ ಹತ್ರ ಈ ಮಾತೇ ಆಡಿರಲಿಲ್ಲ ನಾನು, ಅವಳಿಗೆ ರಾಯರು ಅಂದ್ರೆ ಪ್ರಾಣ, ಹೇಳಿದ್ರೆ ನೊಂದ್ಕೋತಾಳೆ ಅಂತ ಇದ್ದೆ. ನಿನ್ನೆ ರಾತ್ರಿ ಮಕ್ಕಳು ಮಲಗಿದ್ಮೇಲೆ ಫೋನ್ ಕೊಟ್ಟು ಈ ಪೋಸ್ಟೇ ಓದು ಅಂದೆ. ಓದಿದ್ಲು. ನಿಮಗೆ ನಂಬಿಕೆ ಇಲ್ಲ ಅಂತ ಮದುವೆ ಆದ ವರ್ಷಾನೇ ಗೊತ್ತಿತ್ತು, ಮಂತ್ರಾಲಯದಲ್ಲಿ ಪ್ರದಕ್ಷಿಣೆ ಹಾಕೋವಾಗ ಕ್ರಿಕೆಟ್ ಸ್ಕೋರ್ ನೋಡ್ತಿದ್ರಿ ಅಂದ್ಲು. ತಮೋಯೋಗ್ಯ ಅಂಧಂತಮಸ್ಸು ಅನ್ನೋದು ಅವಳು ಯಾವತ್ತೂ ಕೇಳೇ ಇಲ್ವಂತೆ, ಅವರ ಮನೇಲಿ ಹೆಣ್ಣುಮಕ್ಕಳಿಗೆ ಹಾಡು ಹೇಳ್ಕೊಟ್ರು, ಸಿದ್ಧಾಂತ ಹೇಳ್ಕೊಡ್ಲಿಲ್ಲ. ಒಳ್ಳೇದೇ ಆಯ್ತು ಬಿಡಿ, ನಂಗೆ ರಾಯರು ಸಾಕು ಅಂತಾಳೆ.

ಮುಂಜಿ ಬಗ್ಗೆ ಅವಳ ಮಾತು ಬೇರೇನೇ ಇದೆ. ದಿನಾ ಸಂಧ್ಯಾವಂದನೆ ಮಾಡ್ಸೋದು ಯಾರು, ಬೆಳಿಗ್ಗೆ ಏಳೂಕಾಲಕ್ಕೆ ಸ್ಕೂಲ್ ವ್ಯಾನ್ ಬರುತ್ತೆ, ಮಾವ ಊರಲ್ಲಿರ್ತಾರೆ, ಕೊನೆಗೆ ಆ ಮಡಿ ಪಂಚೆ ಒಗೆಯೋದರಿಂದ ಹಿಡಿದು ಎಲ್ಲ ನನ್ನ ತಲೆಗೇ ಬರೋದು ಅಂದ್ಲು. ಇವನು ಇನ್ನೂ ಶೂ ಲೇಸ್ ಕಟ್ಕೊಳಲ್ಲ, ಎರಡು ಮೂರು ವರ್ಷ ಹೋಗ್ಲಿ, ಹದಿನಾರರವರೆಗೆ ಟೈಮ್ ಇದೆ ಅಂತ ಮೇಷ್ಟ್ರೇ ಬರೆದಿದಾರಲ್ಲ, ಅವನೇ ಬೇಕು ಅಂದಾಗ ಮಾಡೋಣ, ಮಾವನೇ ಉಪದೇಶ ಮಾಡ್ಲಿ, ಅಷ್ಟರಲ್ಲಿ ರಜೇಲಿ ಊರಿಗೆ ಕಳಿಸಿದಾಗ ಅಜ್ಜನ ಹತ್ರ ಇಬ್ರೂ ಕೂತು ಕಲೀಲಿ ಅಂದ್ಲು. ಇಬ್ರೂ ಅಂದ್ರೆ ಅಂದೆ. ಇಬ್ರೂ ಅಂದ್ರೆ ಇಬ್ರೂ ಅಂದ್ಲು. ಮಾವ ಮಗಳಿಗೆ ಹೇಳ್ಕೊಡಲ್ಲ ಅಂದ್ರೆ ಇವನಿಗೂ ಬೇಡ.

ನಾನು ಇಷ್ಟು ವರ್ಷ ಒಳಗೊಳಗೇ ಕುದ್ದಿದ್ದು ಅವಳಿಗೆ ಹತ್ತು ನಿಮಿಷದ ಟೈಮ್‌ಟೇಬಲ್ ಆಯ್ತು. ಈಗ ಅಪ್ಪನ ಹತ್ರ ಹೇಳೋದು ಯಾರು ಅನ್ನೋದೊಂದೇ ಬಾಕಿ, ಅದು ನನ್ನ ಕೆಲಸ ಅಂತೆ.

ಎಚ್ಚೆನ್_ಶಿಷ್ಯ

ಮೇಡಂಗೆ ನನ್ನ ನಮಸ್ಕಾರ ತಿಳಿಸಿ. ಮುಂದಕ್ಕೆ ಹಾಕೋದಕ್ಕೆ ಅಪ್ಪ ಒಪ್ಪಬಹುದು, ಮೊಮ್ಮಗಳನ್ನ ಕೂರಿಸ್ಕೊಂಡು ಗಾಯತ್ರಿ ಹೇಳ್ಕೊಡೋದಕ್ಕೆ ಒಪ್ಪಲ್ಲ ಅಂತ ನನ್ನ ಅನುಮಾನ. ಏನಂದ್ರು ಅಂತ ಬಂದು ಬರೀರಿ.

ಧಾರವಾಡ_ಪೇಡೆ

ಮೊದಲ ದಿವಸ ಒಲ್ಲೆ ಅಂತಾರ್ರಿ. ಆಕಿ ಬಾಜೂಕ ಕುಂತು ತಮ್ಮನಕಿಂತ ಮೊದಲ ಬಾಯಿಪಾಠ ಮಾಡಿ ಒಪ್ಪಿಸಿದ್ಲು ಅಂದ್ರ ಏನ್ ಮಾಡ್ತಾರ, ಕಿವಿ ಮುಚ್ಕೋತಾರೇನು?